ನನ್ನ ಹೆಸರಿನ ಜಮೀನನ್ನು ದಯವಿಟ್ಟು ಕಿತ್ತುಕೊಳ್ಳಿ

ಕೇಳದವನಿಗೂ ಜಮೀನು ದಯಪಾಲಿಸುವ ಮಾನ್ಯ ಜಿಲ್ಲಾ ಭೂದಾಖಲೆ ಅಧಿಕಾರಿಗಳೇ,

ತಮ್ಮ ಕಚೇರಿ ನನಗೆ ಜಮೀನು ಕೊಟ್ಟಿದೆ. ದಯವಿಟ್ಟು ಅದನ್ನು ಕಿತ್ತುಕೊಳ್ಳಬೇಕೆಂದು ಬೇಡಿಕೊಳ್ಳಲು ಈ ಪತ್ರ. ಜಮೀನು ಹೋಯಿತೆಂದು ಅಳುವವರನ್ನು ನೋಡಿ ನೋಡಿ ತಮಗೆ ಸಾಕಾಗಿರಬಹುದು. ಜಮೀನು ಬಂತೆಂದು ಅಳುವವನನ್ನು ನೋಡಿದರೆ ಸ್ವಲ್ಪ ಬದಲಾವಣೆಯಾದರೂ ಆದೀತು. ಕಚೇರಿಗೆ ಅಲೆದು ಮೆಲ್ಲಗೆ ಹೇಳಿಕೊಂಡೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಈಗ ಪತ್ರಿಕೆಯಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಸಿಂಗಾಲಾಂಗ್ ಬೆಟ್ಟದ ಮಗ್ಗುಲಲ್ಲಿರುವ ಕೋತೋ ತಿಂಗಾ ಹಳ್ಳಿಯ ದರ್ಜಿ, ಹೆಸರು ಜಮಾರಿಸ್. ಮದುವೆಯ ದಿನ ಸಿಕ್ಕ ಬಿರುದು ಸುತಾನ್ ಮಲೇಲೊ. ಹೆಂಡತಿಯ ಕಡೆಯವರು ಸುತಾನ್ ಎಂದೇ ಕರೆಯುತ್ತಾರೆ. ಬಿರುದು ಕೇಳಿ ನನ್ನನ್ನು ದೊಡ್ಡ ಕುಳ ಎಂದುಕೊಳ್ಳಬೇಡಿ. ನಮ್ಮ ಮಿನಾಂಗ್ ಜನರಲ್ಲಿ ಗದ್ದೆ, ಮನೆ, ಮೀನಿನ ಕೊಳ ಎಲ್ಲವೂ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಅದನ್ನು ಕಾಯುವವನು ಆ ಹೆಣ್ಣುಮಕ್ಕಳ ಸೋದರ. ಗಂಡನಾದವನು ಸಂಜೆ ಬರುವ ಅತಿಥಿ. ಇದರಲ್ಲಿ ಅವಮಾನವೇನೂ ಇಲ್ಲ, ಸ್ವಾಮಿ. ಅತಿಥಿಗೆ ಸಿಗುವ ಮರ್ಯಾದೆ ಯಜಮಾನನಿಗೆ ಎಲ್ಲಿ ಸಿಕ್ಕೀತು? ನನ್ನ ಅತ್ತೆ ಶಾಮ್ಸಿನಾರ್ ಇಷ್ಟು ವರ್ಷ ಕೊಳದ ಮೀನಿನ ತಲೆಯನ್ನು ನನ್ನ ತಟ್ಟೆಗಲ್ಲದೆ ಬೇರೆಯವರಿಗೆ ಬಡಿಸಿದವರಲ್ಲ. ಚಾಪೆಯ ಒಳ್ಳೆಯ ಮಗ್ಗುಲೂ ನನ್ನದೇ ಆಗಿತ್ತು.

ಇನ್ನು ತಮ್ಮ ಸರ್ವೆಯವರ ಪ್ರಕರಣ. ದೇಶಕ್ಕೆಲ್ಲ ಹಕ್ಕುಪತ್ರ ಕೊಡುವ ಆತುರದಲ್ಲಿ ದೂರದ ದ್ವೀಪದಿಂದ ಬಂದ ಒಬ್ಬ ತರುಣ ಅಧಿಕಾರಿಯನ್ನು ನಮ್ಮೂರಿಗೆ ಕಳಿಸಿದಿರಿ. ಒಳ್ಳೆಯ ಮನುಷ್ಯ, ಬೂಟು ಹೊರಗೆ ಬಿಟ್ಟೇ ಜಗಲಿ ಹತ್ತಿದರು. ಆ ದಿನ ಅತ್ತೆಯೂ ನನ್ನ ಹೆಂಡತಿ ಅಸ್ನಿಮಾರಳೂ ನೆಂಟರ ಮದುವೆಗೆ ಅಡುಗೆ ಮಾಡಲು ಹೋಗಿದ್ದರು. ನಾನು ಜಗಲಿಯಲ್ಲಿ ಒಂದು ಕುಬುಸಕ್ಕೆ ಕಾಜಾ ಹೊಲಿಯುತ್ತ ಕೂತಿದ್ದೆ. ಒಳಗೆ ಹೋಗಿ ಕಾಫಿ ತಂದುಕೊಟ್ಟೆ.

"ಯಜಮಾನ್ರೇ, ಈ ಗದ್ದೆ ಯಾರ್ದು?" ಎಂದು ಕೇಳಿದರು.

"ಮನೆಯವ್ರ್ದು ಸಾರ್."

"ಕೊಳ?"

"ಅದೂ ಮನೆಯವ್ರ್ದೇ."

"ಮೇಲಿನ ದಾಲ್ಚಿನ್ನಿ ತೋಟ?"

"ಎಲ್ಲಾ ಮನೆಯವ್ರ್ದೇ ಸಾರ್, ನಮ್ದೇನಿದೆ."

"ಮನೆಯಲ್ಲಿ ಈಗ ಯಾರಿದ್ದೀರಿ?"

"ಸದ್ಯಕ್ಕೆ ನಾನೊಬ್ನೇ."

"ಸರಿ, ಹೆಸ್ರು ಹೇಳಿ."

ಹೇಳಿದೆ. ಕಾಫಿ ಕೊಟ್ಟವನ ಹೆಸರು ಕೇಳುವುದು ಅವರ ಕಡೆಯ ಸೌಜನ್ಯವಿರಬೇಕು ಎಂದುಕೊಂಡೆ.

ಮಾನ್ಯರೇ, ನಮ್ಮಲ್ಲಿ ಯಾರೂ ಹೊರಗಿನವರ ಮುಂದೆ ಹೆಂಡತಿಯ ಹೆಸರು ಹಿಡಿದು ಮಾತಾಡುವುದಿಲ್ಲ. ಮನೆಯವರು ಎನ್ನುತ್ತೇವೆ. ಮನೆ ಅವಳದು, ಅದಕ್ಕೇ ಅವಳು ಮನೆಯವಳು. ಊರಿನ ಯಾವ ಮಗುವನ್ನು ಕೇಳಿದ್ದರೂ ಇದನ್ನು ಹೇಳುತ್ತಿತ್ತು. ತಮ್ಮ ಅಧಿಕಾರಿ ಹುಟ್ಟಿದ ಊರಲ್ಲಿ ಮನೆಯವರೆಂದರೆ ಮೀಸೆಯಿರುವವರು ಎಂದಿರಬೇಕು. ನನಗೂ ಮೀಸೆಯಿತ್ತು. ಅಲ್ಲಿಗೆ ದಾಖಲೆ ಪೂರ್ತಿಯಾಯಿತು.

ಶಾಲೆಯ ಮೈದಾನದಲ್ಲಿ ಹಕ್ಕುಪತ್ರ ಹಂಚುವ ಸಮಾರಂಭಕ್ಕೆ ತಾವೇ ಬಂದಿದ್ದಿರಿ, ನೆನಪಿರಬಹುದು. ಧ್ವನಿವರ್ಧಕದಲ್ಲಿ ನನ್ನ ಹೆಸರು ಕರೆದಾಗ ವೇದಿಕೆಯ ಪರದೆ ಹರಿದಿರಬೇಕು, ಹೊಲಿಯಲು ಕರೆಯುತ್ತಿದ್ದಾರೆ ಎಂದು ಸೂಜಿದಾರ ಹಿಡಿದೇ ಓಡಿದೆ. ತಾವು ನನ್ನ ಕೈಗೆ ಹಕ್ಕುಪತ್ರ ಕೊಟ್ಟು, ಹೆಗಲ ಮೇಲೆ ಕೈಯಿಟ್ಟು, ನಗಿ ಎಂದಿರಿ. ನಕ್ಕೆ. ಫೋಟೋ ತೆಗೆದರು. ಆ ಫೋಟೋದಲ್ಲಿ ನನ್ನ ಹಿಂದೆ, ಮುಂದಿನ ಸಾಲಿನ ಕುರ್ಚಿಯಲ್ಲಿ, ನಗದೆ ಕೂತಿರುವ ಮುದುಕಿಯೇ ನನ್ನ ಅತ್ತೆ. ಅವರು ಆ ಕುರ್ಚಿ ಹಿಡಿದದ್ದು ತಮ್ಮ ಹೆಸರು ಕರೆಯುತ್ತಾರೆಂದು. ಅದಕ್ಕಾಗಿ ಪೆಟ್ಟಿಗೆಯಿಂದ ಮದುವೆಯ ಶಾಲನ್ನು ತೆಗೆದು ಹೊದ್ದು ಬಂದಿದ್ದರು.

ಅಂದು ಊಟಕ್ಕೆ ಕೂತರೆ ಮೀನಿನ ತಲೆ ನನ್ನ ಭಾವಮೈದುನ ಜುಲ್ಬಹ್ರಿಯ ತಟ್ಟೆಗೆ ಹೋಯಿತು. ನನ್ನ ತಟ್ಟೆ ಖಾಲಿಯೇ ಉಳಿಯಿತು.

"ಅತಿಥಿಗಳಿಗೆ ಬಡಿಸೋದು ನಮ್ಮ ಪದ್ಧತಿ ಸುತಾನ್," ಎಂದರು ಅತ್ತೆ, ಬಹಳ ವಿನಯದಿಂದ. "ಯಜಮಾನ್ರು ತಾವೇ ಬಡಿಸ್ಕೋಬೇಕು. ಪಾತ್ರೆನೂ ತಮ್ದೇ, ಸೌಟೂ ತಮ್ದೇ."

"ಅಮ್ಮಾ, ಸಾಕು ಬಿಡು," ಎಂದಳು ಅಸ್ನಿಮಾರ್.

ಜುಲ್ಬಹ್ರಿ ಊಟ ಮುಗಿಸಿ ಕೈತೊಳೆದು ನನ್ನ ಪಕ್ಕ ಬಂದು ಕೂತ. "ನಿಮ್ಮ ಮೇಲೆ ನಂಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದ್ರೆ ನಾಳೆ ನೀವು ಕಣ್ಮುಚ್ಚಿದ್ರೆ? ನಿಮ್ಮ ಅಕ್ಕನ ಮಕ್ಕಳು ಬಂದು, ಇದು ನಮ್ಮ ಸೋದರಮಾವನ ಗದ್ದೆ ಅಂತ ಬೇಲಿ ಹಾಕಿದ್ರೆ ನಾನು ಎಲ್ಲಿಗೆ ಹೋಗ್ಲಿ? ಪಟ್ಟಣದೋನೊಬ್ಬ ಬೇರೆ, ಬೆಟ್ಟ ಕಾಣೋ ಹಾಗೆ ಹೋಟ್ಲು ಕಟ್ತೀನಿ ಅಂತ ಆಗ್ಲೇ ಎರಡು ಸಲ ನಿಮ್ಮನ್ನ ಕೇಳ್ಕೊಂಡು ಬಂದಿದ್ದ. ನಿಮ್ಮ ಹೆಸ್ರು ಹೋಗೋ ತನಕ ನೀವು ಈ ಸೂರಿನ ಕೆಳಗೆ ಮಲಗೋದು ಸರಿಯಲ್ಲ ಭಾವ."

ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅಕ್ಕನ ಗದ್ದೆ ಅವಳ ಗಂಡನ ಹೆಸರಿಗೆ ಹೋಗಿದ್ದರೆ ನಾನೂ ಆ ಮನುಷ್ಯನಿಗೆ ಇದನ್ನೇ ಹೇಳುತ್ತಿದ್ದೆ, ಇಷ್ಟು ಮೆತ್ತಗೆ ಹೇಳುತ್ತಿರಲಿಲ್ಲ ಅಷ್ಟೇ. ದಿಂಬು, ಹೊದಿಕೆ, ಹೊಲಿಗೆ ಯಂತ್ರ ಎತ್ತಿಕೊಂಡು ಊರಿನ ಸುರಾವಿಗೆ ಬಂದೆ. ಸುರಾವೆಂದರೆ ನಮ್ಮ ಪ್ರಾರ್ಥನಾ ಮನೆ. ಮದುವೆಯಾಗದ ಗಂಡಸರು, ಹೆಂಡತಿ ಬಿಟ್ಟವರು, ಹೆಂಡತಿ ಸತ್ತವರು ಅಲ್ಲಿ ಮಲಗುತ್ತಾರೆ. ಹೆಂಡತಿ ಬದುಕಿದ್ದು, ಜಗಳವೂ ಆಗದೆ, ಜಮೀನು ಬಂದದ್ದಕ್ಕೆ ಬಂದು ಮಲಗಿದವನು ಈ ಸುರಾವಿನ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. ತಮ್ಮ ಸಾಧನೆಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಹೆಸರು ತಿದ್ದಿಸಲು ಕಚೇರಿಗೆ ಬಂದಾಗ ತಮ್ಮ ಗುಮಾಸ್ತರು ಹೇಳಿದ್ದನ್ನು ತಮಗೆ ತಿಳಿಸಬೇಕು. "ಕೊಟ್ಟ ಹಕ್ಕುಪತ್ರ ವಾಪಸ್ ತಗೊಳ್ಳೋಕೆ ನಿಯಮ ಇಲ್ಲ. ಬೇಕಾದ್ರೆ ಹೆಂಡ್ತಿಗೆ ದಾನ ಮಾಡಿ," ಎಂದರು. ಈ ಉಪಾಯವನ್ನು ಅತ್ತೆಗೆ ತಲುಪಿಸಿದೆ. "ನಮ್ಮ ಗದ್ದೆನ ನಮ್ಗೇ ದಾನ ಮಾಡ್ತಾರಂತಾ? ನಾವು ಸೆರಗೊಡ್ಡಿ ನಿಂತ್ಕೋಬೇಕಂತಾ? ನಮ್ಮಜ್ಜಿ ಗೋರಿನೂ ಅವ್ರು ದಾನ ಕೊಟ್ಟಿದ್ದೇ ಅಂತ ಬರೆಸ್ಕೊಳ್ಲಿ ಹಾಗಾದ್ರೆ!" ಎಂದು ಉತ್ತರ ಬಂತು. ನಾನು ಮತ್ತೆ ಬಂದೆ. ಗುಮಾಸ್ತರು ತಲೆ ಕೆರೆದುಕೊಂಡು, "ಹಂಗಾದ್ರೆ ನಿಮ್ಮ ಅತ್ತೆ ನಿಮ್ಮ ಮೇಲೆ ಕೇಸು ಹಾಕ್ಲಿ, ನೀವು ಸೋತ್ಬಿಡಿ," ಎಂದರು. ಅತ್ತೆಗೆ ಈ ಮಾತು ಹಿಡಿಸಿತು. ತೊಂದರೆ ನನ್ನ ಕಡೆಯದು: ಸೋಲಿಸಿಕೊಡಿ ಎಂದು ಬೇಡುವ ಕಕ್ಷಿಗಾರನನ್ನು ಯಾವ ವಕೀಲರೂ ಒಳಗೆ ಬಿಡುತ್ತಿಲ್ಲ. ನಾನು ದರ್ಜಿ, ಸ್ವಾಮಿ. ತೋಳು ತಪ್ಪಾಗಿ ಕೂರಿಸಿದರೆ ಹೊಲಿಗೆ ಬಿಚ್ಚಿ ಮತ್ತೆ ಕೂರಿಸುತ್ತೇನೆ. ಗಿರಾಕಿ ತನ್ನ ತೋಳನ್ನೇ ಬದಲಾಯಿಸಿಕೊಂಡು ಬರಲಿ ಎನ್ನುವುದಿಲ್ಲ.

ಹೋದ ವಾರ ಕೊಯ್ಲು ಮುಗಿಯಿತು. ಮದುವೆಯಾದಂದಿನಿಂದ ಆ ಗದ್ದೆಯ ಕೊಯ್ಲಿಗೆ ಇಳಿಯದ ವರ್ಷವಿರಲಿಲ್ಲ. ಈ ಸಲ ಸುರಾವಿನ ಕಿಟಕಿಯಿಂದ ನೋಡಿದೆ. ಸಂಜೆ ಅಸ್ನಿಮಾರ್ ತಲೆಯ ಮೇಲೆ ಒಂದು ಮೂಟೆ ಹೊತ್ತು ಬಂದು ಸುರಾವಿನ ಮೆಟ್ಟಿಲ ಮೇಲೆ ಇಳಿಸಿದಳು.

"ಏನಿದು?" ಎಂದೆ.

"ಜಮೀನ್ದಾರ್ರ ಪಾಲು. ಗೇಣಿ ಉಳಿಸ್ಕೊಂಡ್ರು ಅನ್ನೋ ಮಾತು ನಮ್ಮ ಮನೆತನಕ್ಕೆ ಬರಬಾರದು ಅಂತ ಅಮ್ಮ ಕಳಿಸಿದ್ಳು."

ನನಗೆ ನಗು ಬಂತು. ನಗಲು ಹೋಗಿ ಅತ್ತುಬಿಟ್ಟೆ. ಅವಳು ಪಕ್ಕಕ್ಕೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡು, "ರೀ, ಬೇಗ ಆ ಹೆಸ್ರು ತೆಗ್ಸಿ. ಅಮ್ಮ ಬಯ್ಯೋದು ಬಯ್ತಾಳೆ, ಆದ್ರೆ ದಿನಾ ಸಂಜೆ ನಿಮ್ಮ ಚಾಪೆ ಹಾಸಿಟ್ಟು ಮತ್ತೆ ಸುತ್ತಿಡ್ತಾಳೆ. ನೋಡಕ್ಕಾಗಲ್ಲ ನಂಗೆ," ಎಂದು ಇಳಿದು ಹೋದಳು. ಆ ಮೂಟೆಯನ್ನು ಬಿಚ್ಚಲು ನನಗೆ ಮನಸ್ಸಾಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ನನ್ನನ್ನು ಮೊದಲಿನಂತೆ ಏನೂ ಇಲ್ಲದವನನ್ನಾಗಿ ಮಾಡಿ. ದಾನ, ದಾವೆ ಯಾವುದೂ ಬೇಡ. ತಪ್ಪು ತಮ್ಮ ಕಚೇರಿಯದು, ತಿದ್ದುವುದೂ ಅಲ್ಲೇ ಆಗಲಿ. ಅದೇ ಅಧಿಕಾರಿಯನ್ನು ಇನ್ನೊಮ್ಮೆ ಕಳಿಸಿ, ಕಾಫಿ ಖಂಡಿತ ಸಿಗುತ್ತದೆ. ಆದರೆ ಈ ಸಲ ಜಗಲಿಯಲ್ಲಿ ಕೂತ ಮೀಸೆಯವನನ್ನು ಅವರು ಏನೂ ಕೇಳದಿರಲಿ. ಒಳಗೆ ಹೋಗಿ ಮನೆಯವರನ್ನೇ ಕೇಳಲಿ.

ಇಂತಿ,
ಹಗಲು ಭೂಮಾಲೀಕ, ಸಂಜೆಯಾದರೆ ಹೋಗಲು ಮನೆಯಿಲ್ಲದವನು,
ಅತಿಥಿಯ ಪದವಿಗಾಗಿ ಕಾಯುತ್ತಿರುವ
ಜಮಾರಿಸ್ ಸುತಾನ್ ಮಲೇಲೊ
ಸುರಾವಿನ ಮೆಟ್ಟಿಲು, ಕೋತೋ ತಿಂಗಾ