ಹಳದಿ ದೀಪ ಉರಿಯುತ್ತಲೇ ಇದೆ

ತಮ್ಮಣ್ಣ,

ಇವತ್ತು ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿಗೆ ಮೂರು ಚಕ್ರದ ಬೈಕಿನಲ್ಲಿ ಕರೆದುಕೊಂಡು ಹೋಗಬೇಡ. ಟ್ಯಾಕ್ಸಿಗೆ ಹೇಳಿದ್ದೇನೆ, ನಿಮ್ಮ ತಿಂಡಿ ಮುಗಿಯುವಷ್ಟರಲ್ಲಿ ಬರುತ್ತದೆ.

ನಿನ್ನೆ ನಾನು ಗಾಡಿ ಓಡಿಸುತ್ತಾ, ನೀನು ಹಿಂದೆ ಕೂತು ಬರುವಾಗ ಮಿಲ್ಲಿನ ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿದಾಗ ಮೀಟರಿನ ಹಳದಿ ದೀಪ ಮಿಣುಕಿತಲ್ಲ, "ಇದೊಂದು ಪಿರಿಪಿರಿ ಅಕ್ಕ, ಕೆಟ್ಟೋಗಿದೆ" ಅಂತ ನೀನು ಮನೆಗೆ ಬಂದವನೇ ಅದರ ಮೇಲೆ ಟೇಪು ಅಂಟಿಸಿದೆ. ಆಗ ಕೆಟ್ಟಿರಲಿಲ್ಲ ಕಣೋ. ಬೆಳಿಗ್ಗೆ ಗ್ಯಾರೇಜಿನ ಮಾಮನನ್ನು ಕೇಳಿದೆ. ದೀಪ ಮಿಣುಕಿದರೆ ಗಾಡಿ ಬೀಳದ ಹಾಗೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿದೆ ಎಂದರ್ಥವಂತೆ. ನಿನ್ನೆ ಜಾರಿದಾಗ ನಾನು ಎಕ್ಸಲರೇಟರ್ ತಿರುವಿಯೇ ಇದ್ದೆ. ಆದರೂ ಇಂಜಿನ್ನು ತಾನಾಗಿ ದನಿ ಇಳಿಸಿತು, ಅಜ್ಜ ಪದ್ಯ ಓದುವಾಗ ಚರಣದ ಕೊನೆಗೆ ಇಳಿಸುತ್ತಿದ್ದ ಹಾಗೆ. ಒಂದು ಚಕ್ರ ಮಾತ್ರ ತಾನೇ ಬ್ರೇಕು ಹಿಡಿಯಿತು. ದೇವರು ಎಲ್ಲೆಲ್ಲಿ ಕಾವಲು ಇಟ್ಟಿರುತ್ತಾನೋ.

ಇವತ್ತು ಟೇಪು ಕಿತ್ತು ಗಾಡಿ ಶುರು ಮಾಡಿದೆ. ದೀಪ ಮಿಣುಕುತ್ತಿಲ್ಲ, ಒಂದೇ ಸಮನೆ ಉರಿಯುತ್ತಿದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೂ ಹಾಗೇ. ಕೆಟ್ಟಿದೆ ಅನ್ನುವುದಕ್ಕೆ ಇದು ಗುರುತಂತೆ. ಇನ್ನು ಜಾರಿದರೆ ಹಿಡಿಯುವವರಿಲ್ಲ. "ಮೂರು ಚಕ್ರ ಇದ್ಮೇಲೆ ಬೀಳೋದೆಲ್ಲಿಂದ ಬಂತು" ಎಂದು ಅಮ್ಮನ ಮುಂದೆ ಕೊಚ್ಚಿಕೊಳ್ಳಬೇಡ. ಅವಳು ನಿನ್ನನ್ನು ನಂಬಿ ಹತ್ತಿಬಿಡುತ್ತಾಳೆ.

ಸಂಜೆ ಮಾಮ ಬಂದು ನೋಡುತ್ತಾನೆ. ಕೀಲಿ ನನ್ನ ಚೀಲದಲ್ಲಿದೆ, ಹುಡುಕುತ್ತಾ ಮನೆಯೆಲ್ಲ ಕೆದರಬೇಡ.

ಕಣ್ಣಿಗೆ ಹನಿ ಹಾಕಿದ ಮೇಲೆ ಅಮ್ಮನಿಗೆ ಮೆಟ್ಟಿಲು ಕಾಣಿಸುವುದಿಲ್ಲ. ಇಳಿಯುವಾಗ ಅವಳ ಕೈ ಬಿಡಬೇಡ.

ಅಕ್ಕ