ತಾಮ್ರದ ಮೊಲ

ಕುಕನೂರು
೧೪ ಜನವರಿ ೧೯೪೩

ತಾಯಿ ಸಮಾನರಾದ ಬಸವಣ್ಣೆಮ್ಮನವರಿಗೆ ನಿಮ್ಮ ಮನೆಯ ಬಾಡಿಗೆದಾರ ಅಮರಪ್ಪ ಮಾಸ್ತರನ ಶರಣು.

ನವಲಿಯಲ್ಲಿ ಮಗಳ ಮನೆಯಲ್ಲಿ ಕ್ಷೇಮವಾಗಿದ್ದೀರೆಂದು ಕೇಳಿ ಸಮಾಧಾನವಾಯಿತು.

ಚಳಿಯಲ್ಲಿ ಮೊಲದ ಮೈಕಾವು ಎಷ್ಟು ಬೇಗ ಹೋಗುತ್ತದೆಂದು ಅಳೆಯಲು ನಾನು ಎರಡು ತಾಮ್ರದ ಮೊಲ ಮಾಡಿಸಿದ್ದೆನಲ್ಲ. ಒಳಗೆ ಬಿಸಿನೀರು ತುಂಬಿ, ಅದು ಆರುವುದನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಎರಡೂ ಒಂದೇ ಬಗೆ ಇರಲೆಂದು ನಾನು ಹಚ್ಚಿದ್ದ ಮಸಿಯನ್ನು ನೀವು ಒಂದರ ಮೈಯಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆದಿರಿ. “ತಾಮ್ರ ಕರ್ರಗಿದ್ರ ಮನಿ ಹೆಂಗಸು ಮೈಗಳ್ಳಿ ಅಂತಾರ್ರಿ ಮಾಸ್ತರ” ಎಂದು ನಕ್ಕಿರಿ. ನಾನು ನಗಲಿಲ್ಲ, ಬೈದೆ. ಮರುದಿನವೇ ನೀವು ನವಲಿಗೆ ಹೋದಿರಿ.

ಆಮೇಲೆ ಆ ಹೊಳೆಯುವ ಮೊಲಕ್ಕೇ ನೀರು ತುಂಬಿ ನೋಡಿದೆ. ಮಸಿಯ ಮೊಲಕ್ಕಿಂತ ಅದು ಬಹಳ ಹೊತ್ತು ಬೆಚ್ಚಗಿತ್ತು. ಕಾವು ಹೋಗುವುದು ಗಾಳಿಯಿಂದ ಮಾತ್ರ ಎಂದು ನಂಬಿದ್ದೆ. ಹೊರಮೈ ಹೇಗಿದೆ ಎಂಬುದೂ ಅಷ್ಟೇ ಮುಖ್ಯವೆಂದು ನಿಮ್ಮಿಂದ ತಿಳಿಯಿತು. ನನ್ನ ಕೆಲಸವನ್ನು ನಿಲ್ಲಿಸಬೇಕೆಂದಿದ್ದ ಹೈದರಾಬಾದಿನ ಪ್ರೊಫೆಸರರು ನಾನು ಇದನ್ನು ಬರೆದು ಕಳಿಸಿದ್ದನ್ನು ಓದಿ, ಇನ್ನೊಂದು ವರ್ಷ ಮುಂದುವರಿಸಲು ಒಪ್ಪಿದ್ದಾರೆ. ಈ ಉಪಕಾರ ನಿಮ್ಮದು.

ದಯವಿಟ್ಟು ಮರಳಿ ಬನ್ನಿರಿ. ಇನ್ನೊಂದು ಮೊಲವನ್ನೂ ತಿಕ್ಕಬೇಕಾಗಿದೆ. ನನ್ನ ಕೈಗೆ ಆ ಹೊಳಪು ಬರುತ್ತಿಲ್ಲ.

ಈ ಪತ್ರವನ್ನು ನಿಮಗೆ ಓದಿ ಹೇಳುವ ಅಳಿಯ ದೇವೇಂದ್ರಪ್ಪನವರಲ್ಲಿ ಒಂದು ವಿನಂತಿ. ಇದನ್ನು ಒಳಗೆ ಕೂತು ಓದಬೇಡಿರಿ. ಮನೆಯ ಮುಂದಿನ ಕಟ್ಟೆಯ ಮೇಲೆ, ನಾಲ್ಕು ಜನ ಕೇಳುವಂತೆ ಓದಿರಿ. ನಾನು ನಿಮ್ಮ ಅತ್ತೆಯವರನ್ನು ಬೈದದ್ದು ಇಲ್ಲಿ ಇಡೀ ಓಣಿಗೆ ಕೇಳಿಸಿತ್ತು.

ನಿಮ್ಮ ಮಗನಂಥ
ಅಮರಪ್ಪ