ನಮ್ಮ ಮೇಜಿನ ಬಳಿ ನಿಮಗೆ ಕೇಳಿಸದ ಮಾತು

ಪ್ರಾಂತದ ಶಾಲಾ ಇಲಾಖೆಯಲ್ಲಿ ಭಾಷೆಗಳನ್ನೂ ಯೂರೋಪಿನ ಸಹಕಾರವನ್ನೂ ಒಟ್ಟಿಗೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಶಾಲೆಯ ಗುರುವಾರದ ತರಗತಿಯನ್ನು ಫೆಬ್ರವರಿಯಿಂದ ನಿಲ್ಲಿಸುತ್ತೀರಂತೆ. ಮನೆಯಲ್ಲಿ ಜರ್ಮನ್ ಆಡುವ ಮಕ್ಕಳು ಮಧ್ಯಾಹ್ನ ಉಳಿದುಕೊಂಡು ಜರ್ಮನಿಯ ಈ ಮೂಲೆಯಲ್ಲಿ ನಾವು ಕೆಲವೇ ಜನ ಸೊರ್ಬರು ಆಡುವ ನಮ್ಮ ಸೊರ್ಬ್ ಭಾಷೆ ಕಲಿಯುವ ತರಗತಿ ಅದು. ಆ ಹೊತ್ತನ್ನು ಇಂಗ್ಲಿಷ್ ಸಂಭಾಷಣೆಗೆ ಕೊಟ್ಟರೆ ಯೂರೋಪಿನ ಸಹಕಾರ ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ನಿಮ್ಮ ವರದಿ ಹೇಳುತ್ತದೆ. ಅದಕ್ಕೆ ನೀವು ಕೊಟ್ಟಿರುವ ಆಧಾರ ಒಂದೇ ವಾಕ್ಯ: "ಭಾಷಾ ಉತ್ಸವದಲ್ಲಿ ಸೊರ್ಬ್ ಮೇಜಿನ ಬಳಿಯೂ ಸೊರ್ಬ್ ಭಾಷೆ ಕೇಳಿಬರಲಿಲ್ಲ."

ಈ ವಾಕ್ಯ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಿಮ್ಮನ್ನು ನಾಲ್ಕು ಮಾತು ಬೈದು, ಪತ್ರವನ್ನು ಅಂಚೆಗೆ ಹಾಕಿ, ನೆಮ್ಮದಿಯಿಂದ ಊಟ ಮಾಡುತ್ತಿದ್ದೆ. ಅದು ಸುಳ್ಳಲ್ಲ. ಆ ಮೇಜಿನ ಬಳಿ ನಮ್ಮ ಭಾಷೆ ಕೇಳಿಬರದಂತೆ ಮಾಡಿದವಳು ನಾನು. ಆದರೆ ಯಾರಿಗಾಗಿ ಹಾಗೆ ಮಾಡಿದೆ ಎಂಬುದು ನಿಮ್ಮ ವರದಿಯಲ್ಲಿ ಇಲ್ಲ. ಅದನ್ನು ಹೇಳುವುದಕ್ಕಾಗಿ ಈ ಪತ್ರ.

ನನಗೆ ಇಲಾಖೆಗಳಿಗೆ ಬರೆದು ರೂಢಿಯಿಲ್ಲ. ಶಾಲೆಯಲ್ಲಿ ನನಗೆ ಜರ್ಮನ್ ಬರವಣಿಗೆ ಮಾತ್ರ ಕಲಿಸಿದರು. ನಮ್ಮ ಭಾಷೆಯನ್ನು ಬರೆಯುವುದನ್ನು ಪ್ರಾರ್ಥನೆಯ ಪುಸ್ತಕ ಮುಂದಿಟ್ಟುಕೊಂಡು ನಾನೇ ಕಲಿತೆ. ಆಮೇಲೆ ಬರೆದದ್ದೆಲ್ಲ ತಂಗಿಗೆ, ತಂಗಿಯ ಮಕ್ಕಳಿಗೆ, ಸತ್ತುಹೋದ ಅತ್ತಿಗೆಗೆ. ಹೀಗಾಗಿ ನಡುವೆ ಎಲ್ಲಾದರೂ ನಿಮಗೆ "ಚಳಿಗೆ ಕಿವಿ ಮುಚ್ಚಿಕೋ" ಎಂದು ಬರೆದುಬಿಟ್ಟರೆ ಕ್ಷಮಿಸಿ. ಹಾಗೆ ನೋಡಿದರೆ ನೀವು ಕಿವಿ ಮುಚ್ಚಿಕೊಂಡೇ ಬಂದಿದ್ದಿರಿ ಎಂದು ನನ್ನ ಗೆಳತಿ ಮರ್ಹಾತಾ ಹೇಳುತ್ತಾಳೆ. ನಾನು ಅಷ್ಟು ಕಟುವಾಗಿ ಹೇಳಲಾರೆ. ನಿಮ್ಮ ಕಿವಿಗೆ ಹತ್ತಿ ತುಂಬಿದವಳು ನಾನೇ ಅಲ್ಲವೇ?

ಮೊದಲು ರೀಕೆಯ ವಿಷಯ ಹೇಳಬೇಕು. ಮೂರು ವರ್ಷದ ಹಿಂದೆ ಉತ್ತರದ ಕಡಲ ಕಡೆಯಿಂದ ಒಂದು ಕುಟುಂಬ ನಮ್ಮ ಪಕ್ಕದ ಮನೆಗೆ ಬಂತು. ತಂದೆಗೆ ಬುದಿಶಿನ್ ನಗರದ ಆಸ್ಪತ್ರೆಯಲ್ಲಿ ಕೆಲಸ. ಅವರ ಮಗಳು ರೀಕೆ. ಬಂದ ವರ್ಷವೇ ಗುರುವಾರದ ತರಗತಿಗೆ ಸೇರಿದಳು. ಕಲಿತದ್ದನ್ನು ಎಲ್ಲಿ ಆಡುವುದು? ಬೇಲಿಯ ಹತ್ತಿರ ಬಂದು ನನ್ನೊಡನೆ ಆಡುತ್ತಿದ್ದಳು. ನಾನು ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದೆ. ಬೇಕೆಂದು ಅಲ್ಲ. ನಮ್ಮಲ್ಲಿ ಎಲ್ಲರೂ ಹಾಗೆಯೇ. ಕಲಿಯುವವರು ತಡವರಿಸಿದರೆ ನಮಗೆ ಕನಿಕರ ಉಕ್ಕುತ್ತದೆ, ಕೂಡಲೇ ಅವರ ಭಾಷೆಗೆ ಇಳಿದು ಕೈ ಹಿಡಿದು ದಾಟಿಸುತ್ತೇವೆ. ದಾಟಿಸಿದ್ದು ಯಾವ ದಡಕ್ಕೆ ಎಂದು ತಿರುಗಿ ನೋಡುವುದಿಲ್ಲ.

ಒಂದು ದಿನ ನೋಡಿದರೆ ಹುಡುಗಿ ನನ್ನ ಕಡೆ ಬರದೆ ನನ್ನ ಹೆಬ್ಬಾತುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವುಗಳ ಜೊತೆ ನಮ್ಮ ಭಾಷೆಯಲ್ಲಿ ಹರಟುತ್ತಿದ್ದಳು.

"ಏನಮ್ಮಾ, ಬಾತುಗಳ ಜೊತೆ ಅಷ್ಟೊಂದು ಮಾತು?" ಎಂದೆ.

"ಇವು ಜರ್ಮನ್‌ಗೆ ತಿರುಗಲ್ಲ, ವೊವ್ಕಾ" ಎಂದಳು.

ವೊವ್ಕಾ ಎಂದರೆ ನಮ್ಮಲ್ಲಿ ಅಜ್ಜಿ. ಆ ಮಾತು ನನ್ನ ಎದೆಗೆ ನಾಟಿತು. ಬಾತಿಗಿಂತ ಕಡೆಯಾದೆನೇ? ಅಲ್ಲೇ ಬೇಲಿಯ ಮೇಲೆ ಕೈ ಇಟ್ಟು ಮಾತು ಕೊಟ್ಟೆ. "ಇನ್ಮೇಲೆ ನಿನ್ನ ಜೊತೆ ನಮ್ಮ ಭಾಷೆ ಮಾತ್ರ ಆಡ್ತೀನಿ. ಸರಿನಾ?"

"ಬೇರೆಯವರು ಬಂದ್ರೂ?"

"ಯಾರು ಬಂದ್ರೂ."

ಆಮೇಲೆ ಅವಳು ಹೇಗೆ ಅರಳಿದಳು ಎಂದು ಹೇಳಲು ನನ್ನ ಬಳಿ ಪದವಿಲ್ಲ. ಬಾತಿಗೆ ಬೈಯುವುದನ್ನೂ ಕಲಿತಳು. ಅದನ್ನು ಮಾತ್ರ ನಾನು ಕಲಿಸಿದ್ದಲ್ಲ, ಮರ್ಹಾತಾ ಕಲಿಸಿದ್ದು.

ಇನ್ನು ನಿಮ್ಮ ಸಮ್ಮೇಳನ. "ನುಡಿ ಹಲವು, ಯೂರೋಪು ಒಂದು" ಎಂದು ಅದಕ್ಕೆ ಹೆಸರಿಟ್ಟಿದ್ದಿರಿ. ಮೊದಲೆರಡು ದಿನ ನಗರದ ಹೋಟೆಲಿನಲ್ಲಿ ಹಲವು ನುಡಿಗಳ ಮಹತ್ವವನ್ನು ಒಂದೇ ನುಡಿಯಲ್ಲಿ, ಇಂಗ್ಲಿಷಿನಲ್ಲಿ, ಚರ್ಚಿಸಿದಿರಂತೆ. ಹೋಗಿ ಬಂದ ನಮ್ಮ ಗುರುವಾರದ ತರಗತಿಯ ಮೇಷ್ಟ್ರು ಬಿಯಾರ್ನತ್ ಹೇಳಿದ. ಮೂರನೆಯ ದಿನ ಅತಿಥಿಗಳನ್ನೆಲ್ಲ ಬಸ್ಸಿಗೆ ಹತ್ತಿಸಿ ನಮ್ಮ ಶಾಲೆಯ ಆಟದ ಸಭಾಂಗಣಕ್ಕೆ ಕರೆತಂದಿರಿ. ಅಲ್ಲಿ ಮಕ್ಕಳ ಭಾಷಾ ಉತ್ಸವ. ದೇಶಕ್ಕೊಂದು ಮೇಜು, ಮೇಜಿಗೊಂದು ಬಾವುಟ, ಬಾಯಿಗೊಂದು ತಿಂಡಿ. ನಮಗೆ ದೇಶವಿಲ್ಲದಿದ್ದರೂ ಮೇಜು ಕೊಟ್ಟಿದ್ದಿರಿ, ಅದಕ್ಕೆ ಕೃತಜ್ಞತೆ. ಈಸ್ಟರ್ ಮೊಟ್ಟೆಗೆ ಬಣ್ಣ ಹಾಕುವುದನ್ನು ತೋರಿಸಿ ಎಂದು ನಿಮ್ಮ ಕಚೇರಿಯಿಂದ ಅಪ್ಪಣೆಯಾಗಿತ್ತು. ಏಸುಸ್ವಾಮಿ ಸಮಾಧಿಯಿಂದ ಎದ್ದ ಆ ಹಬ್ಬ ಬರುವುದು ವಸಂತದಲ್ಲಿ, ಆಗ ಸೆಪ್ಟೆಂಬರ್ ತಿಂಗಳು. ಅತಿಥಿಗಳಿಗೆ ಇಷ್ಟವಾಗುತ್ತದೆ ಎಂದರೆ ಏಸುಸ್ವಾಮಿ ಎರಡು ಸಲ ಏಳಲಿ, ನಮಗೇನು?

ಬಿಯಾರ್ನತ್ ನಮ್ಮ ಮನೆಗೆ ಬಂದು ಕೇಳಿಕೊಂಡಿದ್ದ. "ವೊರ್ಶಮ್ಮಾ, ನೀವು ಕೂತ್ಕೊಂಡು ಮಾತಾಡಿದ್ರೆ ಸಾಕು. ರೀಕೆ ಕೇಳ್ತಾಳೆ, ನೀವು ಹೇಳ್ತೀರಿ. ಬಂದೋರು ಕೇಳಿಸ್ಕೋತಾರೆ. ಹೊರಗಿನಿಂದ ಬಂದ ಮಗು ಇಷ್ಟು ಕಲಿತಿದೆ ಅಂತ ಗೊತ್ತಾದ್ರೆ ತರಗತಿ ಉಳಿಯುತ್ತೆ."

"ಇವಳನ್ನ ಮಾತಾಡ್ಸೋದೇನು ಕಷ್ಟ ಕಣಪ್ಪಾ? ಸುಮ್ನಿರ್ಸೋದು ಕಷ್ಟ" ಎಂದಳು ಮರ್ಹಾತಾ.

ರೀಕೆ ಬೇಸಿಗೆಯಿಡೀ ತಯಾರಿ ಮಾಡಿದಳು. ನನ್ನ ಬಾತಿನ ಗರಿಗಳನ್ನು ಆಯ್ದು, ತುದಿಯನ್ನು ಕತ್ತರಿಸಿ, ಮೇಣದಲ್ಲಿ ಅದ್ದಿ ಮೊಟ್ಟೆಯ ಮೇಲೆ ಒತ್ತುವುದನ್ನು ಕಲಿತಳು. ಅದರ ಜೊತೆಗೆ ಅವಳ ಪ್ರಶ್ನೆಗಳು, ನನ್ನ ಉತ್ತರಗಳು. ಬಾಯಿಪಾಠವಲ್ಲ. ನಾನು ಬೇರೆ ಉತ್ತರ ಕೊಟ್ಟರೆ ಅವಳು ಬೇರೆ ಪ್ರಶ್ನೆ ಹಾಕುತ್ತಿದ್ದಳು.

ಆ ದಿನ ನಾವು ಗಂಜಿ ಹಾಕಿದ ಉಡುಪು ತೊಟ್ಟು, ನಮ್ಮ ಪದ್ಧತಿಯಂತೆ ಅತಿಥಿಗಳನ್ನು ಸ್ವಾಗತಿಸಲು ರೊಟ್ಟಿ ಉಪ್ಪು ಮುಂದಿಟ್ಟುಕೊಂಡು ಕೂತಿದ್ದೆವು. ಲಾಟ್ವಿಯಾದ ಒಬ್ಬ ಶಿಕ್ಷಕಿ ಆಗಲೇ ಬಂದು ನಮ್ಮೆದುರು ನಿಂತಿದ್ದಳು. ಮರ್ಹಾತಾ, ನಾನು, ಬಿಯಾರ್ನತ್, ರೀಕೆ ಎಲ್ಲ ನಮ್ಮ ಭಾಷೆಯಲ್ಲೇ ನಗುತ್ತಾ ಮಾತಾಡಿಕೊಂಡಿದ್ದೆವು. ಆಗ ನೀವು ಬಂದಿರಿ.

ನಿಮ್ಮ ಮುಖದಲ್ಲಿ ಒಳ್ಳೆಯ ನಗುವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ರೊಟ್ಟಿಯ ತುಣುಕನ್ನು ಉಪ್ಪಿಗೆ ಒತ್ತಿ ಬಾಯಿಗಿಟ್ಟು, ಮೇಜಿನ ಮೇಲೆ ಬಾಗಿದಿರಿ.

"ವೊವ್ಕಾ, ಮೇಣ ಕಾದಿದ್ಯಾ?" ಎಂದು ರೀಕೆ ನಮ್ಮ ಭಾಷೆಯಲ್ಲಿ ಕೇಳಿದಳು.

"ಹೌದು, ಕಾದಿದೆ. ಗರಿ ಅದ್ದಬಹುದು" ಎಂದೆ. ಜರ್ಮನ್‌ನಲ್ಲಿ. ನಿಮ್ಮ ಮುಖ ನೋಡಿಕೊಂಡು.

ಹುಡುಗಿ ನನ್ನನ್ನು ನೋಡಿದಳು. ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಮುಂದಿನ ಪ್ರಶ್ನೆಯನ್ನು ಒಂದೊಂದೇ ಪದ ಬಿಡಿಸಿ, ನಮ್ಮ ಭಾಷೆಯಲ್ಲೇ, ಕೇಳಿದಳು. "ಯಾವ ಗರಿ ತಗೊಳ್ಲಿ, ವೊವ್ಕಾ? ಚಿಕ್ಕದಾ, ದೊಡ್ಡದಾ?"

"ಚಿಕ್ಕದು ತಗೋ" ಎಂದೆ, ಮತ್ತೆ ಜರ್ಮನ್‌ನಲ್ಲಿ. ಸಾಲದೆಂದು ನಿಮ್ಮ ಕಡೆ ತಿರುಗಿ, "ನೋಡಿ ಸ್ವಾಮಿ, ಇದು ನಮ್ಮ ಮನೆ ಬಾತಿನ ಗರಿ" ಎಂದು ವಿವರಣೆ ಬೇರೆ. ಅಷ್ಟರಲ್ಲಿ ಮರ್ಹಾತಾಳೂ ತಿರುಗಿದ್ದಳು, ಬಿಯಾರ್ನತ್ ಕೂಡ.

ಮೂರನೆಯ ಸಲ ರೀಕೆಯೇ ಜರ್ಮನ್‌ನಲ್ಲಿ ಹೇಳಿದಳು. "ಹಾಗಾದ್ರೆ ನಾನು ಶುರು ಮಾಡ್ತೀನಿ."

"ಎಷ್ಟು ಚೆಂದ ಮಾತಾಡುತ್ತೆ ಮಗು!" ಎಂದು ನೀವು ಮೆಚ್ಚಿಕೊಂಡು, ಏನೋ ಗುರುತು ಹಾಕಿಕೊಂಡು, ಪೋರ್ಚುಗಲ್ಲಿನ ಸಿಹಿತಿಂಡಿಯ ಕಡೆ ನಡೆದಿರಿ.

ನಮ್ಮಲ್ಲಿ ಒಂದು ರೂಢಿಯಿದೆ, ಅಧಿಕಾರಿಗಳೇ. ಹತ್ತು ಜನ ಸೊರ್ಬರು ಕೂತಿರುವ ಕಡೆ ನಮ್ಮ ಭಾಷೆ ಬಾರದ ಒಬ್ಬರು ಬಂದು ಕೂತರೆ ಹನ್ನೊಂದೂ ಜನ ಜರ್ಮನ್ ಆಡುತ್ತೇವೆ. ಮದುವೆಯಲ್ಲೂ ಹಾಗೆ, ಸಾವಿನ ಮನೆಯಲ್ಲೂ ಹಾಗೆ. ನಮ್ಮಪ್ಪ ಹೇಳುತ್ತಿದ್ದ: ಒಬ್ಬರಿಗೆ ತಿಳಿಯದ ಮಾತನ್ನು ಅವರೆದುರು ಆಡಿದರೆ ಬೆನ್ನ ಹಿಂದೆ ಆಡಿದಷ್ಟೇ ತಪ್ಪು ಎಂದು. ಅಂದು ನಮ್ಮ ಮೇಜಿನ ಬಳಿ ಆ ಒಬ್ಬರು ನೀವು. ಸೊರ್ಬ್ ಭಾಷೆ ಕೇಳಿಬರಲಿಲ್ಲ ಎಂದು ಬರೆದಿರಿ. ನೀವು ಬರುವ ಕ್ಷಣದವರೆಗೂ ಅದು ಕೇಳುತ್ತಿತ್ತು ಎಂದು ಆ ಲಾಟ್ವಿಯಾದ ಶಿಕ್ಷಕಿಯನ್ನು ಕೇಳಿದ್ದರೆ ಹೇಳುತ್ತಿದ್ದಳು. ಮನೆಯವರು ಅತಿಥಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ನಿಂತುಕೊಂಡರೆ, ಈ ಮನೆಯವರಿಗೆ ಕೂರಲು ಬರುವುದಿಲ್ಲ ಎಂದು ಅತಿಥಿ ವರದಿ ಬರೆಯುತ್ತಾನೆಯೇ?

ನೀವು ಹೋದ ಮೇಲೆ ಆ ಶಿಕ್ಷಕಿ ಕೇಳಿದಳು. ಅವಳಿಗೆ ಜರ್ಮನ್ ಬರುತ್ತಿತ್ತು. "ಅಮ್ಮಾ, ಯಾಕೆ ಬದಲಾಯಿಸಿದ್ರಿ? ಅರ್ಥವಾಗದ್ದನ್ನ ಕೇಳೋಕೇ ಅಲ್ವಾ ನಾನು ಇಷ್ಟು ದೂರ ಬಂದಿದ್ದು?" ರೊಟ್ಟಿಯ ತಟ್ಟೆಯನ್ನು ಅವಳ ಮುಂದೆ ಸರಿಸಿ, "ತಗೊಳ್ಳಿ" ಎಂದೆ. ಅದನ್ನೂ ಜರ್ಮನ್‌ನಲ್ಲೇ.

ಮುಂದಿನ ಗುರುವಾರ ರೀಕೆ ತರಗತಿಗೆ ಹೋಗಲಿಲ್ಲ. ಅವಳ ತಾಯಿ ಬೇಲಿಯ ಹತ್ತಿರ ಬಂದಳು. "ತನ್ನ ಉಚ್ಚಾರಣೆ ಕೆಟ್ಟದಾಗಿತ್ತು, ದೊಡ್ಡವರ ಮುಂದೆ ಅಜ್ಜಿಗೆ ನಾಚಿಕೆ ಆಯ್ತು, ಅದಕ್ಕೇ ಬದಲಾಯಿಸಿದ್ರು ಅಂತಾಳೆ. ಹೌದಾ?"

"ಅಯ್ಯೋ, ಅಲ್ಲ!" ಎಂದೆ.

ತಾಯಿಯ ಹಿಂದೆಯೇ ನಿಂತಿದ್ದಳು ಹುಡುಗಿ. "ಮತ್ಯಾಕೆ?"

"ಸಾಹೇಬರು ಇದ್ರಲ್ಲಮ್ಮಾ..."

"ಯಾರು ಬಂದ್ರೂ ಅಂದಿದ್ರಿ" ಎಂದಳು. ಜರ್ಮನ್‌ನಲ್ಲಿ. ಅಳಲಿಲ್ಲ, ಸಿಟ್ಟಾಗಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಡವೇ? ನವೆಂಬರಿನಲ್ಲಿ ನಿಮ್ಮ ಕಚೇರಿಯವರೊಬ್ಬರು ಶಾಲೆಗೆ ಬಂದು ತಂದೆತಾಯಿಗಳ ಸಭೆಯಲ್ಲಿ ಆ ವಾಕ್ಯವನ್ನು ಓದಿದರು. ಎಲ್ಲರ ಕಣ್ಣೂ ಬಿಯಾರ್ನತ್‌ನ ಮೇಲೆ. ಇಷ್ಟು ವರ್ಷ ಏನು ಕಲಿಸಿದೆ ಎಂಬ ನೋಟ ಅದು. ಅವನು ತಲೆ ತಗ್ಗಿಸಿ ಕೂತಿದ್ದ. ಮರ್ಹಾತಾ ನನ್ನ ಪಕ್ಕೆಗೆ ತಿವಿದು, "ಎದ್ದು ಹೇಳೇ ವೊರ್ಶಾ, ನೀನೇ ಮೊದಲು ತಿರುಗಿದ್ದು ಅಂತ. ಇಲ್ದಿದ್ರೆ ನಾನೇ ಹೇಳ್ತೀನಿ" ಎಂದಳು. ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ. ಓದಿದವರು ದೂರದಿಂದ ಬಂದಿದ್ದರು, ಕಾಫಿ ಆರುತ್ತಿತ್ತು, ಸಭೆಯಲ್ಲಿ ಜಗಳ ತೆಗೆಯುವುದು ಚೆನ್ನಾಗಿರುವುದಿಲ್ಲ ಎಂದುಕೊಂಡೆ. ನನ್ನ ಮರ್ಯಾದೆಯ ಬೆಲೆಯನ್ನು ಮೊದಲ ಸಲ ಒಂದು ಮಗುವಿನಿಂದ ವಸೂಲಿ ಮಾಡಿದೆ, ಎರಡನೆಯ ಸಲ ಒಬ್ಬ ಮೇಷ್ಟ್ರಿಂದ. ತರಗತಿ ನಿಂತರೆ ಅದು ಅವನ ಸೋಲು ಎಂದೇ ಊರು ನೆನಪಿಡುತ್ತದೆ.

ಹಾಗೆಂದು ನಿಮ್ಮನ್ನು ಸುಮ್ಮನೆ ಬಿಡಲೇ? ನಮ್ಮ ರೂಢಿ ನಿಮಗೆ ಗೊತ್ತಿರಲಿಲ್ಲ ಎನ್ನಬಹುದು. ಭಾಷೆಗಳನ್ನು ನೋಡಿಕೊಳ್ಳುವ ಹುದ್ದೆಯಲ್ಲಿದ್ದೂ ಗೊತ್ತಿಲ್ಲವೇ? ಈ ನೆಲದಲ್ಲೇ ಇದ್ದು, ನಮ್ಮ ಭಾಷೆಯ ಊರಿನ ಹೆಸರುಗಳನ್ನು ಫಲಕದ ಎರಡನೆಯ ಸಾಲಿನಲ್ಲಿ ದಿನವೂ ಓದಿಕೊಂಡು ಕಚೇರಿಗೆ ಹೋಗುವವರಿಗೆ, ತಾವು ಕಾಲಿಟ್ಟ ಕಡೆಯೆಲ್ಲ ಎಲ್ಲರೂ ಜರ್ಮನ್ ಆಡುತ್ತಾರೆ ಎಂಬುದು ಒಮ್ಮೆಯೂ ವಿಚಿತ್ರವೆನಿಸಲಿಲ್ಲವೇ? ಲಿಸ್ಬನ್ನಿನವರ ಜೊತೆ ಸಹಕರಿಸಲು ಸಮ್ಮೇಳನ ಬೇಕು, ಒಪ್ಪಿದೆ. ನೆರೆಮನೆಯ ಹುಡುಗಿ ಬೇಲಿಯಾಚೆಯ ಮುದುಕಿಯ ಭಾಷೆ ಕಲಿತಳಲ್ಲ, ಅದಕ್ಕೆ ನಿಮ್ಮ ಇಲಾಖೆಯಲ್ಲಿ ಏನೆಂದು ಹೆಸರು? ಅದು ಸಹಕಾರವಲ್ಲದಿದ್ದರೆ ಸಹಕಾರ ಎಂದರೇನು, ಸಿಹಿತಿಂಡಿಯೇ?

ಈಗ ಬೆಳಿಗ್ಗೆ ಬಾತುಗಳನ್ನು ಬಿಡುವಾಗ ರೀಕೆ ಶಾಲೆಗೆ ಹೊರಟಿರುತ್ತಾಳೆ. ನಾನು ನಮ್ಮ ಭಾಷೆಯಲ್ಲಿ ಕೂಗಿ ಮಾತಾಡಿಸುತ್ತೇನೆ. ಅವಳು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಜರ್ಮನ್‌ನಲ್ಲಿ "ಗುಟನ್ ಮೊರ್ಗನ್, ಫ್ರಾವ್ ವಿಚಾಜ್" ಎನ್ನುತ್ತಾಳೆ. ನಮಸ್ಕಾರ, ಶ್ರೀಮತಿ ವಿಚಾಜ್ ಎಂದು, ನನ್ನ ಹೆಸರನ್ನೂ ಜರ್ಮನ್ ಮಾಡಿ. ವೊವ್ಕಾ ಹೋಯಿತು. ಎಷ್ಟು ಸೌಜನ್ಯದ ಮಗು! ಆ ಸೌಜನ್ಯ ಅವಳಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು.

ಆದ್ದರಿಂದ ಕೇಳುತ್ತೇನೆ, ಬೇಡಿಕೊಳ್ಳುವುದಿಲ್ಲ. ಗುರುವಾರದ ತರಗತಿಯನ್ನು ನಿಲ್ಲಿಸುವ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ವರದಿಯ ಆ ವಾಕ್ಯದ ಮುಂದೆ "ನಾನು ಅಲ್ಲಿ ನಿಂತಿದ್ದುದರಿಂದ" ಎಂದು ಸೇರಿಸಿ, ಬಿಯಾರ್ನತ್ ಮೇಷ್ಟ್ರ ಹೆಸರಿಗೆ ಕಳಿಸಿ. ಅದಕ್ಕೂ ಮೊದಲು ನೀವೇ ಒಂದು ಗುರುವಾರ ಬನ್ನಿ. ಏನೂ ಅರ್ಥವಾಗದೆ ಒಂದು ಗಂಟೆ ಕೂತುಕೊಳ್ಳಿ. ಕಷ್ಟವಾಗುತ್ತದೆ, ಗೊತ್ತು. ನಿಮ್ಮ ಕಷ್ಟ ನೋಡಿ ನನ್ನ ನಾಲಿಗೆ ತುರಿಸುತ್ತದೆ, ಅದೂ ಗೊತ್ತು. ಈ ಸಲ ತಿರುಗುವುದಿಲ್ಲ.

ಈ ಪತ್ರವನ್ನು ಮೊದಲು ನಮ್ಮ ಭಾಷೆಯಲ್ಲಿ ಬರೆದೆ. ನಿಮಗೆ ತೊಂದರೆಯಾಗಬಾರದು ಎಂದು ಜರ್ಮನ್‌ಗೆ ತಿರುಗಿಸಲು ಹೊಸ ಹಾಳೆ ತೆಗೆದುಕೊಂಡು ಕೂತೆ. "ಮಾನ್ಯರೇ" ಎಂದು ಬರೆದ ಮೇಲೆ ಕೈ ನಿಂತಿತು. ಆ ಹಾಳೆಯನ್ನು ಒಲೆಗೆ ಹಾಕಿದೆ. ಪತ್ರ ಇದ್ದ ಹಾಗೆಯೇ ನಮ್ಮ ಭಾಷೆಯ ಪತ್ರಿಕೆಗೂ ಹೋಗುತ್ತಿದೆ, ನಿಮಗೂ ಬರುತ್ತಿದೆ. ಪತ್ರಿಕೆ ರೀಕೆಯ ಮನೆಗೂ ಬರುತ್ತದೆ, ಅವಳಿಗೆಂದೇ ತಾಯಿ ತರಿಸುವುದು. ಇನ್ನೂ ನಿಲ್ಲಿಸಿಲ್ಲ ಎಂದು ಅಂಚೆಯವನನ್ನು ಕೇಳಿ ತಿಳಿದುಕೊಂಡೆ.

ನಿಮ್ಮ ಕಚೇರಿಯಲ್ಲಿ ಇದನ್ನು ಓದಬಲ್ಲವರು ಇಲ್ಲದಿದ್ದರೆ ಕೈಯಲ್ಲಿ ಹಿಡಿದು ತರಗತಿಗೇ ತನ್ನಿ, ಅಲ್ಲಿನ ಮಕ್ಕಳು ಓದಿ ಹೇಳುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಇರುತ್ತೇನೆ. ನನ್ನ ಪಕ್ಕದಲ್ಲಿ ಒಂದು ಜಾಗ ಖಾಲಿ ಇರುತ್ತದೆ. ದಯವಿಟ್ಟು ಅಲ್ಲಿ ಕೂರಬೇಡಿ. ಅದು ಕಾದಿರಿಸಿದ ಜಾಗ.

ಇಂತಿ,
ಮಾತು ಕೊಟ್ಟು ಮಾತು ಬದಲಿಸಿದ,
ವೊರ್ಶಾ ವಿಚಾಜೊವಾ
ಬಾತುಗಳ ಮನೆ, ಶಾಲೆಯ ಹಿಂದಿನ ಬೀದಿ